ಆಯಿಯ ಸೇರು, ಗೋಡೆಯ ಮೀಟರ್

(ವಿಜಯಪುರದಲ್ಲಿ ನಮ್ಮ ಬಡಾವಣೆಯ ಹೆಣ್ಣುಮಕ್ಕಳ ಸಂಘದವರು ಕರೆದಾಗ ಆಡಿದ ಮಾತು ಇದು. ಬರೆದು ಕೊಡಿ ಅಂದರು. ಮಾತಿನ ಭರದಲ್ಲಿ ತಪ್ಪಿದ ಒಂದೆರಡು ಲೆಕ್ಕ ಸರಿಮಾಡಿದ್ದೇನೆ. ಉಳಿದದ್ದು ಹೇಗಿತ್ತೋ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ. ಹಿಂದೆ ಗೋಡೆಗೆ ಒರಗಿ ನಿಂತ ಅಣ್ಣಂದಿರು ಮುಂದೆ ಬಂದು ಕೂತುಕೊಳ್ಳಿ, ಕುರ್ಚಿ ಖಾಲಿ ಇವೆ. ಮನೆಯಲ್ಲಿ ದುಡ್ಡು ಉಳಿಸೋದು ಅಂದರೆ ಹೆಂಗಸರಿಗೆ ಹೇಳುವ ಮಾತು ಅಂತ ನೀವು ತಿಳಿದಿರಬಹುದು. ಖರ್ಚು ಮಾಡುವಾಗ ಮನೆಮಂದಿಯೆಲ್ಲ ಸೇರಿ ಮಾಡಿ, ಉಳಿಸುವಾಗ ಒಬ್ಬಳಿಗೇ ಹೇಳಿದರೆ ಹೇಗೆ?

ಮೇಜಿನ ಮೇಲೆ ಇಟ್ಟಿದ್ದೇನಲ್ಲ, ಇದು ನಮ್ಮ ಆಯಿಯ, ಅಂದರೆ ಅಜ್ಜಿಯ, ಸೇರು. ಹಿತ್ತಾಳೆಯದು. ಒಂದು ಕಡೆ ನೆಗ್ಗಿದೆ. ಇದರ ಜೊತೆ ಅಚ್ಚೇರು, ಪಾವು, ಚಟಾಕು ಅಂತ ಒಂದರೊಳಗೊಂದು ಕೂರುವ ಮರಿಗಳೂ ಇದ್ದವು. ಅವೆಲ್ಲ ಯಾರ್ಯಾರ ಪಾಲಿಗೋ ಹೋದವು. ನನಗೆ ಬಂದದ್ದು ಇದೊಂದೇ.

ಆಯಿ ಡೋಣಿ ನದಿಯ ಸಾಲಿನ ಹಳ್ಳಿಯವಳು. ಶಾಲೆಯ ಮುಖ ನೋಡಿದವಳಲ್ಲ. ಸಂಜೆ ಬೀಸಲು ಜೋಳ ತೆಗೆಯುವಾಗ ಮಾತ್ರ ದಿನಾ ಒಂದೇ ಪ್ರಶ್ನೆ ಕೇಳುತ್ತಿದ್ದಳು. "ನಾಳೆ ಉಣ್ಣಾವ್ರು ಎಷ್ಟ ಮಂದಿ?" ಹೊಲಕ್ಕೆ ಹೋಗುವವರು ಎಷ್ಟು, ಊರಿಗೆ ಹೋದವರು ಯಾರು, ಸೋಮವಾರ ಹಿಡಿದವರು ಯಾರು, ಎಲ್ಲ ಕೇಳಿಕೊಂಡು ಆಮೇಲೆ ಅಳೆಯುತ್ತಿದ್ದಳು. ಅಳೆದಾದ ಮೇಲೆ ಅದರಲ್ಲೇ ಒಂದು ಹಿಡಿ ವಾಪಸ್ ತೆಗೆದು ಬೇರೆ ಗಡಿಗೆಗೆ ಹಾಕುವಳು. ಆ ಗಡಿಗೆ ಮನೆಯವರದಲ್ಲ. ಜಂಗಮರು ಬಂದರೆ, ಜೋಗಮ್ಮ ಬಂದರೆ, ಯಾರಾದರೂ ಹಸಿದು ಬಾಗಿಲಿಗೆ ಬಂದರೆ ಅದರಿಂದ ಕೊಡುವುದು. ಕೊಡುವುದಕ್ಕೂ ಮೊದಲೇ ತೆಗೆದಿಟ್ಟಿದ್ದರಿಂದ ಕೊಡುವಾಗ ಆಕೆಯ ಕೈ ಹಿಂಜರಿದದ್ದನ್ನು ನಾನು ನೋಡಿಲ್ಲ.

ಈಚೆಗೆ ನನಗೆ ಕುತೂಹಲ ಬಂತು. ಅಡುಗೆಮನೆಯ ತಕ್ಕಡಿ ಮೇಲೆ ಒಂದು ಹಿಡಿ ಬಿಳಿಜೋಳ ಇಟ್ಟೆ. 50 ಗ್ರಾಂ ತೂಗಿತು. ದಿನಕ್ಕೊಂದು ಹಿಡಿ ಅಂದರೆ ವರ್ಷಕ್ಕೆ 18 ಕೆಜಿ ಮೇಲೆ. ಮನೆಯವರು ಯಾರೂ ಅರೆಹೊಟ್ಟೆ ಉಣ್ಣಲಿಲ್ಲ. ಆ ಹಿಡಿ ಹೋದದ್ದೇ ಯಾರಿಗೂ ಗೊತ್ತಾಗಲಿಲ್ಲ.

"ಡೋಣಿ ಬೆಳೆದರೆ ಓಣಿಯೆಲ್ಲ ಜೋಳ" ಅಂತ ನಮ್ಮ ಕಡೆ ಮಾತಿದೆ. ಬೆಳೆಯದ ವರ್ಷಕ್ಕೆ ಹಗೇವು ಇತ್ತು. ಸಣ್ಣವರು ಹಗೇವು ನೋಡಿರಲಿಕ್ಕಿಲ್ಲ. ಗಟ್ಟಿ ನೆಲದಲ್ಲಿ ಬಾವಿಯ ಹಾಗೆ ತೋಡಿ, ಒಳಗೆ ಸುತ್ತ ಕಣಕಿ-ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಇಟ್ಟು ಮಣ್ಣು ಮೆತ್ತುತ್ತಿದ್ದರು. ತೆಗೆಯುವ ದಿನ ಸೀದಾ ಇಳಿಯುವ ಹಾಗಿಲ್ಲ. ಒಳಗೆ ಕೆಟ್ಟ ಗಾಳಿ ತುಂಬಿರುತ್ತದೆ. ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಇನ್ನೂ ಹೊತ್ತು ಕಾಯಬೇಕು. ಉರಿಯುತ್ತಾ ಹೋದರೆ ಇಳಿಯಬಹುದು. ಉಸಿರುಗಟ್ಟಿ ಸತ್ತವರ ಸುದ್ದಿ ನಮ್ಮ ಸೀಮೆಯಲ್ಲಿ ಹೊಸದಲ್ಲ. ಒಂದು ಸುಗ್ಗಿಯಿಂದ ಇನ್ನೊಂದು ಸುಗ್ಗಿಗೆ ಮುಟ್ಟಬೇಕು ಅನ್ನುವ ಭಯ ಇದ್ದವರು ಅಷ್ಟು ಕಷ್ಟ ಪಡುತ್ತಿದ್ದರು. ಅಳತೆ ಬಂದದ್ದು ಆ ಭಯದಿಂದ.

ಈಗ ನಮ್ಮ ಮನೆಗಳಲ್ಲಿ ಏನು ಅಳೆಯುತ್ತೇವೆ ಹೇಳಿ. ಬಿಪಿ ಅಳೆಯುತ್ತೇವೆ, ಶುಗರ್ ಅಳೆಯುತ್ತೇವೆ. ಇವತ್ತಿನ ಡೇಟಾ ಎಷ್ಟು ಉಳಿದಿದೆ ಅಂತ ಹುಡುಗರಿಗೆ ಬಾಯಿಪಾಠ. ಡಬ್ಬಿಯಲ್ಲಿ ಬೇಳೆ ಎಷ್ಟಿದೆ ಅಂತ ಮಾತ್ರ ಯಾರಿಗೂ ಗೊತ್ತಿಲ್ಲ. ನಾನು 30 ವರ್ಷ ಕನ್ನಡ ಶಾಲೆಯಲ್ಲಿ ಗಣಿತ ಹೇಳಿಕೊಟ್ಟವಳು, ನನ್ನ ಮನೆಯ ಕಥೆಯೂ ಇದೇ ಇತ್ತು. ಹಾಗಾಗಿ ಇವತ್ತು ಯಾವುದನ್ನು ಬಿಡಿ, ಯಾವುದನ್ನು ಕಡಿಮೆ ಮಾಡಿ ಅಂತ ಹೇಳೋಕೆ ನಾನು ಬಂದಿಲ್ಲ. ಒಂದು ತಿಂಗಳು ಸುಮ್ನೆ ಅಳೆದು ನೋಡಿ ಅಂತೀನಿ, ಅಷ್ಟೇ.

ನಾನು ಅಳೆಯೋಕೆ ಶುರುಮಾಡಿದ್ದು ಮೊಮ್ಮಗನಿಂದ. ಏಪ್ರಿಲ್ ರಜೆಗೆ ಬಂದಿದ್ದ. ನಮ್ಮೂರಿನ ಏಪ್ರಿಲ್ ನಿಮಗೆ ಗೊತ್ತಲ್ಲ, 40 ಡಿಗ್ರಿ ದಾಟಿದ ಮೇಲೆ ಹುಡುಗರನ್ನು ಹೊರಗೆ ಬಿಡೋ ಹಾಗಿಲ್ಲ. ಮೊಬೈಲ್ ಹಿಡಿದು ಮೂಲೆಯಲ್ಲಿ ಕೂತಿದ್ದ. ಬಾರೋ, ಒಂದು ಆಟ ಆಡೋಣ ಅಂತ ಮೀಟರ್ ಹತ್ತಿರ ಕರೆದುಕೊಂಡು ಹೋದೆ.

ಈಗಿನ ಮೀಟರ್‌ಗಳಲ್ಲಿ ಒಂದು ಸಣ್ಣ ಕೆಂಪು ದೀಪ ಮಿಣುಕುತ್ತಿರುತ್ತದೆ ನೋಡಿ. ಎಷ್ಟು ಸಲ ಮಿಣುಕಿದರೆ ಒಂದು ಯೂನಿಟ್ ಅಂತ ಅದರ ಮುಖದ ಮೇಲೇ ಬರೆದಿರುತ್ತದೆ. ನಮ್ಮದರಲ್ಲಿ 3200. ಮೊದಲು ಎಲ್ಲಾ ಹಚ್ಚಿಟ್ಟೇ ನೋಡಿದೆವು. ದೀಪ ಪಟಪಟ ಅಂತ ಹೊಡೆದುಕೊಳ್ಳುತ್ತಿತ್ತು. ಆಮೇಲೆ ಒಂದೊಂದೇ ಆರಿಸುತ್ತಾ ಬಂದೆವು. ಒಂದು ಫ್ಯಾನ್ ಆರಿಸಿದೆ, ನಿಧಾನ ಆಯಿತು. ಇನ್ನೊಂದು ಆರಿಸಿದೆ, ಮತ್ತೂ ನಿಧಾನ. ಕೊನೆಗೆ ಫ್ರಿಜ್ಜಿನ ಪ್ಲಗ್ಗನ್ನೂ ಕಿತ್ತೆ. ಮನೆ ತಣ್ಣಗೆ ಸುಮ್ಮನಾಯಿತು. ಈಗ ದೀಪ ಮಿಣುಕಬಾರದು, ಅಲ್ವಾ? ಹುಡುಗ ಕಣ್ಣು ಕೀಲಿಸಿಕೊಂಡು ನಿಂತ. ನಾನು ಗಡಿಯಾರ ನೋಡುತ್ತಾ ನಿಂತೆ. ಬೆವರು ಸುರಿಯುತ್ತಿತ್ತು.

"ಅಮ್ಮಾ, ಹೊಡೀತು!" ಅಂದ.

ಮತ್ತೆ ಸುಮಾರು 2 ನಿಮಿಷಕ್ಕೆ ಇನ್ನೊಂದು ಸಲ. ಮನೆಯಲ್ಲಿ ಏನೂ ನಡೆಯುತ್ತಿಲ್ಲ, ಆದರೂ ಯಾರೋ ಕರೆಂಟ್ ಕುಡಿಯುತ್ತಿದ್ದಾರೆ. ಹುಡುಗ ಕೋಣೆ ಕೋಣೆ ಹುಡುಕಿದ. ಕೊನೆಗೆ ಟಿವಿ ಹಿಂದೆ ಸಿಕ್ಕಿತು. ಟಿವಿಯನ್ನು ರಿಮೋಟ್‌ನಿಂದ ಆರಿಸಿದ್ದೆವು, ಸೆಟ್‌ಟಾಪ್ ಬಾಕ್ಸ್ ಮಾತ್ರ ಎದ್ದೇ ಕೂತಿತ್ತು. ಕೈ ಇಟ್ಟರೆ ಬೆಚ್ಚಗೆ. ಕೂತು ಲೆಕ್ಕ ಹಾಕಿದೆವು. 2 ನಿಮಿಷಕ್ಕೊಂದು ಅಂದರೆ ಗಂಟೆಗೆ 30, ದಿನಕ್ಕೆ 720, ತಿಂಗಳಿಗೆ 21,600. ಭಾಗಿಸು 3200. ಹತ್ತಿರ ಹತ್ತಿರ 7 ಯೂನಿಟ್. ಯಾರೂ ನೋಡದ ಟಿವಿಗೆ. ಗೋಡೆಯ ಸ್ವಿಚ್ ಒತ್ತಿದರೆ ಮುಗಿಯಿತು. ಆವತ್ತಿನಿಂದ ರಾತ್ರಿ ಆ ಸ್ವಿಚ್ ಆರಿಸುವ ಕೆಲಸ ಅವನದೇ ಆಯಿತು, ಇದ್ದಷ್ಟು ದಿನ.

ಇದೇ ಹುರುಪಿನಲ್ಲಿ ಹಿತ್ತಲ ಬಾಗಿಲಿನ ಬಲ್ಬು ನೋಡಿದೆ. ಹಳೇ ಗಾಜಿನ ಬುರುಡೆ, 60 ವ್ಯಾಟಿನದು. ದಿನಕ್ಕೆ 5 ತಾಸು ಉರಿದರೆ ತಿಂಗಳಿಗೆ 9 ಯೂನಿಟ್. ಅದೇ ಜಾಗದಲ್ಲಿ 9 ವ್ಯಾಟಿನ ಎಲ್‌ಇಡಿ ಹಾಕಿದರೆ ಒಂದೂವರೆ ಯೂನಿಟ್ಟೂ ಆಗುವುದಿಲ್ಲ. ಮನೆಯ ಒಳಗೆಲ್ಲ ಎಲ್‌ಇಡಿ ಹಾಕಿ ವರ್ಷಗಳೇ ಆಗಿದ್ದವು. ಹಿತ್ತಲು ಕಣ್ಣಿಗೆ ಬಿದ್ದಿರಲಿಲ್ಲ.

ಆಗಲೇ ಇಲ್ಲಿ ಮುಂದಿನ ಸಾಲಿನಲ್ಲಿ ಒಬ್ಬ ತಂಗಿ ಪಕ್ಕದವಳಿಗೆ ಹೇಳಿದ್ದು ನನಗೆ ಕೇಳಿಸಿತು. "ಕರೆಂಟ್ ಈಗ ಪುಕ್ಕಟೆ ಐತಲ್ಲ." ಹೌದು, 2023ರ ಆಗಸ್ಟ್‌ನಿಂದ ಗೃಹಜ್ಯೋತಿ ಬಿಲ್ಲು ಬರುತ್ತಿದೆ. ಆದರೆ 200 ಯೂನಿಟ್ ಎಲ್ಲರಿಗೂ ಪುಕ್ಕಟೆ ಅಂತ ತಿಳಿದವರು ಬಹಳ. ಹಾಗಿಲ್ಲ. ನಿಮ್ಮ ಮನೆಯಲ್ಲಿ 2022-23ರಲ್ಲಿ ಸರಾಸರಿ ಎಷ್ಟು ಉರಿದಿತ್ತೋ ಅಷ್ಟು, ಅದರ ಮೇಲೆ ಸ್ವಲ್ಪ ಹೆಚ್ಚುವರಿ. ಅದು ನಿಮ್ಮ ಮಿತಿ. ಅದನ್ನು ದಾಟಿದರೆ ದಾಟಿದ ಯೂನಿಟ್‌ಗೆ ದುಡ್ಡು ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ಲು ನಿಮ್ಮದೇ. ನಿಮ್ಮ ಮಿತಿ ಎಷ್ಟು ಅಂತ ಹೆಸ್ಕಾಂ ಬಿಲ್ಲಿನಲ್ಲಿ ನೋಡಿಕೊಳ್ಳಿ. ಬೇಸಿಗೆಯಲ್ಲಿ ಕೂಲರ್ ತಂದು ದಾಟಿದ ಮೇಲೆ "ಪುಕ್ಕಟೆ ಅಂದ್ರಿ, ಬಿಲ್ ಯಾಕ ಬಂತು" ಅಂತ ಬಿಲ್ ಕೊಡುವ ಹುಡುಗನ ಜೊತೆ ಜಗಳ ಆಡಿ ಪ್ರಯೋಜನ ಇಲ್ಲ.

ಹೊಸ ಥರದ ಕಡಿಮೆ ಕರೆಂಟಿನ ಫ್ಯಾನ್ ತರಬೇಕಾ ಅಂತಲೂ ಕೇಳುತ್ತಾರೆ. ಹಳೆಯದು 75 ವ್ಯಾಟ್, ಹೊಸದು 30 ಅಂತ ಇಟ್ಟುಕೊಳ್ಳಿ. ದಿನಕ್ಕೆ 15 ತಾಸು ತಿರುಗಿದರೆ ತಿಂಗಳಿಗೆ 20 ಯೂನಿಟ್ ಉಳಿಯುತ್ತದೆ. ಮಿತಿಯ ಒಳಗೇ ಇದ್ದೀರಿ ಅಂದರೆ ನಿಮ್ಮ ಕೈಗೆ ಒಂದು ರೂಪಾಯಿಯೂ ಬರೋದಿಲ್ಲ. ಹಳೇ ಫ್ಯಾನ್ ಕೆಟ್ಟಾಗ ಹೊಸದು ತನ್ನಿ. ತಿರುಗುತ್ತಿರುವುದನ್ನು ಇಳಿಸಿ ಉಳಿತಾಯ ಮಾಡಿದೆ ಅನ್ನಬೇಡಿ.

ಗ್ಯಾಸಿನ ಮಾತು. ಸಿಲಿಂಡರ್ ಹಚ್ಚಿದ ದಿನ ಕ್ಯಾಲೆಂಡರ್‌ನಲ್ಲಿ ಒಂದು ಗುರುತು ಹಾಕಿ. ನಾನು ಹೇಳುವ ಎಲ್ಲಾ ಅಳತೆಗಳಲ್ಲಿ ಇದು ಅತಿ ಸುಲಭದ್ದು, ಇದರಿಂದಲೇ ನನಗೆ ಜಾಸ್ತಿ ಲಾಭ ಆದದ್ದು. ನಮ್ಮ ಮನೆಯಲ್ಲಿ ಮೂರು ಮಂದಿ. 14.2 ಕೆಜಿಯ ಸಿಲಿಂಡರ್ 45 ದಿನ ಬರುತ್ತಿತ್ತು. ಒಂದು ಸಲ 36 ದಿನಕ್ಕೇ ಮುಗಿಯಿತು. ಬೀಗರು ಬಂದಿದ್ದರು, ಅದಕ್ಕೇ ಇರಬೇಕು ಅಂದುಕೊಂಡೆ. ಮುಂದಿನದು 35. ಆಗ ಒಲೆ ಕಡೆ ನೋಡಿದೆ. ಉರಿ ನೀಲಿ ಇರಬೇಕಾದದ್ದು ಹಳದಿ ಆಗಿತ್ತು. ಪಾತ್ರೆಗಳ ತಳ ಕಪ್ಪಾಗುತ್ತಿದ್ದವು. ನಾನು ಪಾತ್ರೆ ತಿಕ್ಕುವವಳಿಗೆ ಹೇಳುತ್ತಿದ್ದೆ, ಸರಿಯಾಗಿ ತಿಕ್ಕು ಅಂತ! ಪಾಪ, ಆಕೆಯ ತಪ್ಪೇನಿತ್ತು. ಹಾಲು ಉಕ್ಕಿ ಬರ್ನರಿನ ತೂತುಗಳು ಕಟ್ಟಿದ್ದವು. ಬಿಚ್ಚಿ, ಬಿಸಿನೀರಲ್ಲಿ ನೆನೆಹಾಕಿ, ಪಿನ್ನಿನಿಂದ ಒಂದೊಂದೇ ತೂತು ಬಿಡಿಸಿದೆ. ಅದರ ಮುಂದಿನ ಸಿಲಿಂಡರ್ 44 ದಿನ ಬಂತು. ಗುರುತು ಹಾಕಿರದಿದ್ದರೆ ವರ್ಷಪೂರ್ತಿ ಬೀಗರನ್ನೇ ಬೈದುಕೊಳ್ಳುತ್ತಿದ್ದೆ.

ಬೇಳೆ-ಕಾಳು ನೆನೆಸಿ ಬೇಯಿಸಿ, ಮೊದಲ ಸೀಟಿ ಆದ ಮೇಲೆ ಉರಿ ಸಣ್ಣದು ಮಾಡಿ, ಪಾತ್ರೆಗೆ ಮುಚ್ಚಳ ಮುಚ್ಚಿ. ಇವು ನಿಮಗೆ ಗೊತ್ತಿರುವವೇ. ಒಂದು ಮಾತ್ರ ನಮ್ಮ ಸೀಮೆಯದು ಹೇಳುತ್ತೇನೆ. ಎರಡೂ ಹೊತ್ತು ರೊಟ್ಟಿಗೆ ಹಂಚು ಕಾಯಿಸುವ ಬದಲು ವಾರಕ್ಕೆ ಒಂದು ದಿನ ಕೂತು ಕಟಕ ರೊಟ್ಟಿ ಮಾಡಿಬಿಡಿ. ಒಂದು ಕೆಜಿ ಹಿಟ್ಟಿಗೆ ನನ್ನ ಕೈಯಲ್ಲಿ 15-16 ರೊಟ್ಟಿ ಆಗುತ್ತವೆ. ಹಂಚು ಕಾಯೋದು ಒಂದೇ ಸಲ. ಒಣಗಿದ ಮೇಲೆ ಅರಿವೆಯಲ್ಲಿ ಸುತ್ತಿಟ್ಟರೆ ತಿಂಗಳಾದರೂ ಏನೂ ಆಗೋದಿಲ್ಲ. ಗುರೆಳ್ಳು ಚಟ್ನಿ, ಮೊಸರು ಇದ್ದರೆ ಊಟ ಆಯಿತು. ಹೊಟೇಲಿನಿಂದ ತರಿಸುವ ಸಂಜೆಗಳು ಯಾವುವು ಅಂತ ಯೋಚಿಸಿ ನೋಡಿ. ಹಸಿವೆಯಿಂದಲ್ಲ, ಬೇಸರದಿಂದ ತರಿಸಿದವೇ ಜಾಸ್ತಿ. ಡಬ್ಬಿಯಲ್ಲಿ ಕಟಕ ರೊಟ್ಟಿ ಇದ್ದರೆ ಆ ಬೇಸರಕ್ಕೂ ಒಂದು ದಾರಿ ಇದೆ.

ಇಷ್ಟೆಲ್ಲ ಹೇಳಿ, ನನ್ನ ಒಂದು ಅವಾಂತರ ಹೇಳದಿದ್ದರೆ ನ್ಯಾಯ ಅಲ್ಲ. ಸುಗ್ಗಿಯಲ್ಲಿ ವರ್ಷದ ಬೇಳೆ ತಂದರೆ ಅಗ್ಗ ಅಂತ ಒಂದು ವರ್ಷ ಸಂಕ್ರಮಣ ಮುಗಿದ ಮೇಲೆ 20 ಕೆಜಿ ತೊಗರಿಬೇಳೆ ತಂದೆ. ಮಾಳಿಗೆಯ ಮೇಲೆ ಎರಡು ದಿನ ಬಿಸಿಲಿಗೆ ಹಾಕಿದೆ. ಎಲ್ಲಾ ಸರಿ. ಎರಡನೇ ದಿನ ಸಂಜೆ ಯಾರೋ ಬಂದರು ಅಂತ ಗಡಿಬಿಡಿಯಲ್ಲಿ ಬಿಸಿಬಿಸಿ ಇರುವಾಗಲೇ ಡಬ್ಬಿಗೆ ತುಂಬಿ ಮುಚ್ಚಳ ಬಿಗಿ ಮಾಡಿದೆ. ಮೇಲೆ ಬೇವಿನ ಎಲೆ ಹಾಕಿದೆ, ಅದೂ ಹಸಿ ಎಲೆ. ಬಿಸಿ ಕಾಳು ಒಳಗೆ ಬೆವರುತ್ತದೆ. ಆ ತೇವಕ್ಕೆ ಬೂಸಲು ಬರುತ್ತದೆ, ಹುಳಕ್ಕೂ ಅದೇ ಬೇಕು. ಕಾರಹುಣ್ಣಿಮೆಗೆ ಡಬ್ಬಿ ತೆಗೆದರೆ ಅರ್ಧದಿಂದ ಕೆಳಗೆ ಬರೀ ಹಿಟ್ಟು ಮತ್ತು ಹುಳ. ಕೆಜಿಗೆ ಹತ್ತಿಪ್ಪತ್ತು ರೂಪಾಯಿ ಉಳಿಸಲು ಹೋಗಿ 10 ಕೆಜಿ ಬೇಳೆ ದನಕ್ಕೆ ಹಾಕಿದೆ. ಆಯಿ ಇದ್ದಿದ್ದರೆ ಆ ಬೇಳೆಯ ಬಗ್ಗೆ ಏನೂ ಅನ್ನುತ್ತಿರಲಿಲ್ಲ, ನನ್ನ ಗಡಿಬಿಡಿಯ ಬಗ್ಗೆ ಅನ್ನುತ್ತಿದ್ದಳು. ಪೂರ್ತಿ ಆರಿದ ಮೇಲೆ ತುಂಬಬೇಕು, ಬೇವಿನ ಎಲೆ ನೆರಳಲ್ಲಿ ಒಣಗಿಸಿ ಹಾಕಬೇಕು. ಮೂರು ಮಂದಿಯ ಮನೆಗೆ 20 ಕೆಜಿ ಬೇಕಾ ಅಂತ ಮೊದಲು ಲೆಕ್ಕ ಹಾಕಬೇಕಿತ್ತು, ಅದೂ ಹಾಕಿರಲಿಲ್ಲ. ಅಗ್ಗ ಕಂಡಾಗ ಗಣಿತದ ಟೀಚರಿಗೂ ಗಣಿತ ಮರೆಯುತ್ತದೆ.

ವರ್ಷದ ಕಾಳು ಒಮ್ಮೆಲೇ ತರಲು ಎಲ್ಲರ ಕೈಯಲ್ಲೂ ದುಡ್ಡು ಇರುವುದಿಲ್ಲ, ಅದೂ ಗೊತ್ತು. ನೀವು ಇಲ್ಲಿ ಇಷ್ಟು ಮಂದಿ ಸಂಘ ಕಟ್ಟಿದ್ದೀರಲ್ಲ. ಜೋಳ ಒಂದೆರಡು ಕ್ವಿಂಟಲ್ ಸಂಘದಿಂದಲೇ ತಂದು ಹಂಚಿಕೊಳ್ಳಿ. ರೈತರ ಹತ್ತಿರ ಸೀದಾ ಸಿಕ್ಕರೆ ಇನ್ನೂ ಛಲೋ. ಇದನ್ನು ನಿಮ್ಮ ಅಧ್ಯಕ್ಷರು ಬರೆದುಕೊಳ್ಳುತ್ತಿದ್ದಾರೆ, ಹಾಗಾಗಿ ಇಲ್ಲಿಗೇ ಬಿಡುತ್ತೇನೆ.

ನೀರು. ನಲ್ಲಿ ಬಂದ ದಿನ ನಾವು ಏನು ಮಾಡುತ್ತೇವೆ? ನಿನ್ನೆಯ ನೀರು "ಹಳೇ ನೀರು" ಆಗಿಬಿಡುತ್ತದೆ. ಕೊಡ, ಹಂಡೆ, ಬ್ಯಾರಲ್ ಎಲ್ಲಾ ಗಟಾರಕ್ಕೆ ಚೆಲ್ಲಿ ಹೊಸದು ತುಂಬುತ್ತೇವೆ. ಎರಡು ದಿನದ ಹಿಂದೆ ಅದೇ ನಲ್ಲಿಯಿಂದ ಬಂದ ನೀರು ಅದು. ಚೆಲ್ಲುವ ಬದಲು ಅದರಲ್ಲೇ ಅರಿವೆ ಒಗೆದು ಆಮೇಲೆ ತುಂಬಿದರೆ ಆಗದಾ? ತಾಜ್ ಬಾವಡಿಯ ಊರಿನವರು ನಾವು. 1620ರ ಸುಮಾರಿಗೆ ಕಟ್ಟಿದ ಬಾವಿ ಅದು. ಈ ಒಣ ನೆಲಕ್ಕೆ ನೀರು ತರಲು ಆದಿಲ್‌ಶಾಹಿಯವರು ತೊರವಿ ಕಡೆಯಿಂದ ನೆಲದೊಳಗೆ ಸುರಂಗ ಹೊಡೆಸಿದರು. ನಾವು ಟ್ಯಾಂಕರಿಗೆ ದುಡ್ಡು ಕೊಟ್ಟು ತರಿಸಿ, ಸಿಂಟೆಕ್ಸ್ ತುಂಬಿ ಹರಿಯುವಾಗ ಧಾರಾವಾಹಿ ನೋಡುತ್ತಿರುತ್ತೇವೆ.

ಈಗ ನಾನು ಹೇಳಬೇಕು ಅಂತಲೇ ಬಂದ ಮಾತು. ಅಣ್ಣಂದಿರು ಇದನ್ನು ಕೇಳಿ.

ನನ್ನ ಅವ್ವ ಎಲ್ಲರ ಊಟ ಆದ ಮೇಲೆ ಉಣ್ಣುತ್ತಿದ್ದಳು. ನಿನ್ನೆಯ ರೊಟ್ಟಿ, ತಳದ ಪಲ್ಯ, ಒಂದು ಬಟ್ಟಲು ಮಜ್ಜಿಗೆ. ಗಟ್ಟಿ ರೊಟ್ಟಿಯನ್ನು ಕಟಕಟ ಮುರಿದು ಮಜ್ಜಿಗೆಯಲ್ಲಿ ಅದ್ದಿ ತಿನ್ನುವಳು. ಅವ್ವನಿಗೆ ಕಟಕ ರೊಟ್ಟಿ ಅಂದರೆ ಪ್ರಾಣ ಅಂತ ನಾವು ಐದೂ ಮಕ್ಕಳು ತಿಳಿದಿದ್ದೆವು. ಊರಿನಿಂದ ಯಾರಾದರೂ ಬಂದರೆ ಅವ್ವನಿಗೆ ಅಂತ ಕಟಕ ರೊಟ್ಟಿ ಕಟ್ಟಿ ತರುತ್ತಿದ್ದರು. ಹಲ್ಲು ಹೋದ ಮೇಲೆ ನನ್ನ ಹತ್ತಿರ ಬಂದಿದ್ದಳು. ಒಂದು ದಿನ ಹಂಚಿನಿಂದ ತೆಗೆದ ಬಿಸಿ ರೊಟ್ಟಿ ಸೀದಾ ಅವಳ ತಾಟಿಗೆ ಹಾಕಿದೆ, ಮೇಲೆ ಒಂದು ಮುದ್ದೆ ಬೆಣ್ಣೆ. ಅದು ಉಬ್ಬಿದ್ದು ಇನ್ನೂ ಇಳಿದಿರಲಿಲ್ಲ. ಬೆರಳು ಸುಟ್ಟುಕೊಳ್ಳುತ್ತಾ ಮುರಿದಳು. ಹಲ್ಲಿಲ್ಲದ ಬಾಯಲ್ಲಿ ನಿಧಾನ ತಿಂದಳು. "ಅವ್ವಾ, ನಿನಗ ಕಟಕ ಸೇರ್ತದಲ್ಲ" ಅಂದೆ.

"ಯಾರ ಹೇಳ್ಯಾರ? ನನಗ ಮೊದಲಿಂದ ಬಿಸಿ ರೊಟ್ಟಿನೇ ಸೇರ್ತದ" ಅಂದಳು.

50 ವರ್ಷ ಆ ಮನೆ ಉಳಿಸಿದ ಲೆಕ್ಕದಲ್ಲಿ ಅವ್ವನ ಬಿಸಿ ರೊಟ್ಟಿಯೂ ಸೇರಿತ್ತು. ಯಾರೂ ಬರೆದಿಟ್ಟಿರಲಿಲ್ಲ.

ಅದಕ್ಕೇ ನಾನು ಅಳತೆ ಅಳತೆ ಅಂತ ಬಡಿದುಕೊಳ್ಳುವುದು. ಆಯಿ ಕೇಳಿದ ಪ್ರಶ್ನೆ ಕೇಳಿ ರೊಟ್ಟಿ ಬಡಿದರೆ ಉಳಿಯುವುದೇ ಕಡಿಮೆ. "ಇವತ್ತು ಊಟಕ್ಕೆ ಬರಲ್ಲ" ಅಂತ ಮಗ ಮಧ್ಯಾಹ್ನವೇ ಫೋನ್ ಮಾಡಿ ಹೇಳಿದರೆ ಅದೂ ಉಳಿತಾಯವೇ, ಗಂಡಸರು ಮಾಡಬಹುದಾದ ಉಳಿತಾಯ. ಒಂದು ಪೈಸೆ ಖರ್ಚಿಲ್ಲ. ಮೂರು ಮಂದಿಗೆ ಮಾಡಿ ಇಬ್ಬರು ಉಂಡರೆ ಮೂರನೆಯವರ ಪಾಲು ಮರುದಿನ ಯಾರ ತಾಟಿಗೆ ಬರುತ್ತದೆ ಅಂತ ನಿಮಗೆಲ್ಲ ಗೊತ್ತು. ನಮ್ಮ ಮನೆಯಲ್ಲಿ ಈಗ ಉಳಿದದ್ದು ಸರದಿಯಲ್ಲಿ. ನಿನ್ನೆಯದು ಇವತ್ತು ನನಗೆ ಬಂದರೆ ನಾಳೆ ಯಜಮಾನರಿಗೆ. ಮೊದಲ ವಾರ ಮುಖ ಸಣ್ಣದಾಯಿತು. ಎರಡನೇ ವಾರದಿಂದ ಅವರೇ ಕೇಳೋಕೆ ಶುರುಮಾಡಿದರು, "ಎಷ್ಟ ಮಾಡ್ಲಿಕತ್ತೀದಿ, ಜಾಸ್ತಿ ಆಗ್ತದೇನ?" ಅಂತ.

ಇನ್ನು ದೊಡ್ಡ ಲೆಕ್ಕ. ಪಗಾರ ತಿಂಗಳಿಗೊಮ್ಮೆ ಬರುತ್ತದೆ, ಅದಕ್ಕೇ ನಾವು ತಿಂಗಳ ಲೆಕ್ಕ ಹಾಕುತ್ತೇವೆ. ಖರ್ಚು ಮಾತ್ರ ವರ್ಷದ ಲೆಕ್ಕದಲ್ಲಿ ಬರುತ್ತದೆ. ಜೂನ್‌ನಲ್ಲಿ ಶಾಲೆ. ಆಮೇಲೆ ಪಂಚಮಿ, ದೀಪಾವಳಿ. ಜನವರಿಯಲ್ಲಿ ಸಿದ್ಧೇಶ್ವರ ಜಾತ್ರೆ. ಬೇಸಿಗೆಯಲ್ಲಿ ಮದುವೆಗಳು, ಅಲ್ಲಿ ಕೊಡುವ ಆಹೇರಿ. ನಡುವೆ ಗಾಡಿಯ ವಿಮೆ. ಇವೆಲ್ಲ ಪ್ರತಿ ವರ್ಷ ಬರುತ್ತವೆ, ಪ್ರತಿ ವರ್ಷ ನಮಗೆ ಹೊಸದಾಗಿ ಗಾಬರಿ ಆಗುತ್ತದೆ! ಜೂನ್ ಬಂತು ಅಂದರೆ ಸಾಲ. ಒಂದು ಮನೆಯ ಅಂದಾಜು ಹೇಳುತ್ತೇನೆ. ಶಾಲೆಗೆ 14,000. ಹಬ್ಬಗಳಿಗೆ 9,000. ಗಾಡಿಗೆ 5,000. ಜಾತ್ರೆ, ಆಹೇರಿ 8,000. ಒಟ್ಟು 36,000. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 3,000. ಪಗಾರ ಬಂದ ದಿನ ಈ 3,000 ನಮ್ಮದಲ್ಲ ಅಂತ ತೆಗೆದಿಡಬೇಕು, ಆಯಿಯ ಹಿಡಿ ಜೋಳದ ಹಾಗೆ. ತೆಗೆದಿಡದೆ ಜೂನ್‌ನಲ್ಲಿ 14,000 ಸಾಲ ತಂದಿರಿ ಅನ್ನಿ. ನೂರಕ್ಕೆ 3 ರೂಪಾಯಿ ಬಡ್ಡಿ ಅಂದರೆ ಸಣ್ಣದಾಗಿ ಕೇಳಿಸುತ್ತದೆ. ತಿಂಗಳಿಗೆ ಅದು, ವರ್ಷಕ್ಕೆ 36. ಬಡ್ಡಿಯೇ ತಿಂಗಳಿಗೆ 420. ಹತ್ತು ತಿಂಗಳು ಅಸಲು ತೀರಿಸಲು ಆಗದಿದ್ದರೆ 4,200 ಹೋಯಿತು, 14,000 ಹಾಗೇ ಕೂತಿದೆ. ವರ್ಷವಿಡೀ ಬಲ್ಬು ಆರಿಸಿ, ಬೇಳೆ ನೆನೆಸಿ ಉಳಿಸಿದ್ದೆಲ್ಲ ಆ ಒಂದು ಬಾಗಿಲಿಂದ ಹೊರಗೆ ಹೋಗುತ್ತದೆ.

ಎಲ್ಲಿ ಇಡಬೇಕು ಅಂತ ಕೇಳುತ್ತೀರಿ. ಭಿಶಿ, ಅಂದರೆ ಚೀಟಿ, ಹಾಕುವುದಾದರೆ ಗೊತ್ತಿರುವ ಹತ್ತು ಮಂದಿಯ ನಡುವೆ ಹಾಕಿ, ಓಣಿಗೆ ಹೊಸದಾಗಿ ಬಂದು ದುಪ್ಪಟ್ಟು ಕೊಡುತ್ತೇನೆ ಅನ್ನುವವರ ಹತ್ತಿರ ಬೇಡ. ಅಂಚೆ ಕಚೇರಿಯ ಆರ್‌ಡಿ ತಿಂಗಳಿಗೆ 100 ರೂಪಾಯಿಯಿಂದ ಶುರುವಾಗುತ್ತದೆ, 5 ವರ್ಷದ್ದು. 10 ವರ್ಷದೊಳಗಿನ ಹೆಣ್ಣುಮಗು ಇದ್ದರೆ ಸುಕನ್ಯಾ ಸಮೃದ್ಧಿ ಖಾತೆ ಇದೆ, ವರ್ಷಕ್ಕೆ ಕಡಿಮೆ ಅಂದರೆ 250 ಕಟ್ಟಿದರೆ ಸಾಕು. ಗೃಹಲಕ್ಷ್ಮಿಯ 2,000ದಲ್ಲಿ 500 ಆರ್‌ಡಿಗೆ ಹೋದರೆ 5 ವರ್ಷಕ್ಕೆ ಬಡ್ಡಿ ಬಿಟ್ಟು 30,000. ಅದು ನಿಮ್ಮ ಹೆಸರಿನಲ್ಲೇ ಇರಲಿ.

ನಮ್ಮೂರಿನ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ 2023ರ ಜನವರಿ 2ರಂದು ಕಣ್ಮರೆಯಾದರು. ಅವರ ಅಂಗಿಗೆ ಜೇಬೇ ಇರಲಿಲ್ಲ ಅನ್ನೋದು ನಿಮಗೆಲ್ಲ ಗೊತ್ತು. ಸರಳ ಜೀವನದ ಭಾಷಣದಲ್ಲಿ ಅವರ ಹೆಸರು ಹೇಳಿ ಚಪ್ಪಾಳೆ ತಗೊಳ್ಳೋದು ಸುಲಭ. ನಾನು ಆ ಆಸೆ ಬಿಟ್ಟಿದ್ದೇನೆ. ನಾವು ಸಂಸಾರಸ್ಥರು, ನಮಗೆ ಜೇಬು ಬೇಕೇ ಬೇಕು.

ಎಲ್ಲಿ ಉಳಿಸಬಾರದು ಅಂತಲೂ ಬೇಗ ಹೇಳಿಬಿಡುತ್ತೇನೆ. ಗ್ಯಾಸಿನ ಕಿತ್ತಳೆ ಬಣ್ಣದ ಪೈಪಿನ ಮೇಲೆ ಅವಧಿ ಬರೆದಿರುತ್ತದೆ, ಮುಗಿದ ಮೇಲೆ ಒಂದು ದಿನವೂ ಇಟ್ಟುಕೊಳ್ಳಬೇಡಿ. ಬಿಪಿ ಗುಳಿಗೆ ಒಂದು ದಿನ ಬಿಟ್ಟು ಒಂದು ದಿನ ನುಂಗಿ ಉಳಿಸುವವರು ಈ ಕೋಣೆಯಲ್ಲೇ ಇದ್ದೀರಿ, ನನಗೆ ಗೊತ್ತು. ಕನ್ನಡಕದ ನಂಬರ್ ಬದಲಾಗಿದ್ದರೆ ಬದಲಿಸಿ. ಮನೆಕೆಲಸದಾಕಿಯ ಪಗಾರದಲ್ಲಿ ಐವತ್ತು ರೂಪಾಯಿ ಚೌಕಾಸಿ ಮಾಡಿ ಉಳಿತಾಯ ಅನ್ನಬೇಡಿ. ಆಕೆಯ ಮನೆಯಲ್ಲೂ ಒಂದು ಜೂನ್ ತಿಂಗಳು ಇದೆ.

ಕೌದಿಯ ಬಗ್ಗೆ ಹೇಳಿ ಅಂತ ಸಂಘದವರು ಚೀಟಿ ಕಳಿಸಿದ್ದಾರೆ. ಹಳೇ ಸೀರೆ, ಧೋತರ ಪದರು ಪದರು ಹಾಸಿ, ಅಂಚಿನಿಂದ ಒಳಗೆ ಸುತ್ತಿ ಸುತ್ತಿ ಹೊಲಿಗೆ ಹಾಕುತ್ತಾ ಬರಬೇಕು. ಈಗಿನ ಸೀರೆಗಳದ್ದು ಒಂದೇ ತೊಂದರೆ, ಜಾರುತ್ತವೆ, ಹೊದ್ದರೆ ಬೆವರುತ್ತದೆ. ಒಳಗೆ ಒಂದೆರಡು ಹತ್ತಿ ಪದರು ಇರಲೇಬೇಕು. ಹತ್ತಿ ಸೀರೆ ಇರುವವರು ಪಾತ್ರೆ ಮಾರುವವನಿಗೆ ಕೊಡುವ ಮುಂಚೆ ಒಮ್ಮೆ ನನ್ನನ್ನು ನೆನೆಸಿಕೊಳ್ಳಿ. ನನಗೇ ಎರಡು ಕಡಿಮೆ ಬಿದ್ದಿವೆ.

ಪ್ರಶ್ನೆ ಕೇಳಿ ಅಂದಾಗ ಮೊದಲು ಯಾರೂ ಏಳಲಿಲ್ಲ. ಆಮೇಲೆ ಮೂಲೆಯಿಂದ ಒಬ್ಬ ಅಜ್ಜಿ ಎದ್ದರು. ಕೂತೇ ಕೇಳ್ರಿ ಅಂದರೂ ನಿಂತೇ ಕೇಳಿದರು. "ಸರದಿ ಹಚ್ಚಿದಿ, ಖರೆ. ನಮ್ಮ ಮನ್ಯಾಗ ಮೊಮ್ಮಕ್ಕಳು ನಿನ್ನಿ ರೊಟ್ಟಿ ಮುಟ್ಟಂಗಿಲ್ಲ. ಏನ ಮಾಡ್ಲಿ?"

ಮುಟ್ಟುವ ಹಾಗೆ ಮಾಡಿ ಕೊಡ್ರಿ ಅಂದೆ. ರೊಟ್ಟಿಯನ್ನು ಸಣ್ಣಗೆ ಮುರಿದು, ಮಜ್ಜಿಗೆ ಚಿಮುಕಿಸಿ ಕಾಲು ತಾಸು ಬಿಡಿ, ಮೆತ್ತಗಾಗುತ್ತದೆ. ಜಾಸ್ತಿ ಹಾಕಿದರೆ ಮುದ್ದೆ ಆಗುತ್ತದೆ, ಎಚ್ಚರ. ಬಾಣಲೆಯಲ್ಲಿ ಎಣ್ಣೆ, ಸಾಸಿವೆ, ಜೀರಿಗೆ, ಕರಿಬೇವು. ಬೆಳ್ಳುಳ್ಳಿ ಜಜ್ಜಿ ಹಾಕಿ. ಉಳ್ಳಾಗಡ್ಡಿ ಕೆಂಪಗಾಗಲಿ, ಹಸಿಮೆಣಸಿನಕಾಯಿ ಮಕ್ಕಳ ಖಾರಕ್ಕೆ ತಕ್ಕಷ್ಟು. ಅರಿಶಿನ, ಉಪ್ಪು ಹಾಕಿ ರೊಟ್ಟಿ ಸುರಿದು, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಎರಡು ನಿಮಿಷ. ಇಳಿಸಿದ ಮೇಲೆ ಶೇಂಗಾ ಪುಡಿ, ಕೊತ್ತಂಬರಿ. ಮಜ್ಜಿಗೆ ಸ್ವಲ್ಪ ಹುಳಿ ಇದ್ದರೆ ಇನ್ನೂ ಛಲೋ.

ಅಜ್ಜಿ ಯೋಚಿಸಿದರು. "ಹಂಗಾದ್ರ ರೊಟ್ಟಿ ಜಾಸ್ತಿನೇ ಬಡೀಬೇಕಾಗ್ತದ" ಅಂದರು.